ಸ್ವೆಟರ್ ಆಸೆಯಿದ್ದರೂ ಮೊದಲು ಸಾಕ್ಸ್ ಹೆಣೆಯಿರಿ

"ಹೆಣಿಗೆ ಕಲೀಬೇಕು ಅಂತ ತುಂಬಾ ದಿನದಿಂದ ಆಸೆ. ಆದ್ರೆ ಸಂಜೆ ಸಿಗೋದು ಒಂದೇ ಗಂಟೆ. ಅದರಲ್ಲೇ ಓದಬೇಕು, ಗಿಡ ನೋಡ್ಕೋಬೇಕು, ಹಾಡು ಕೇಳಬೇಕು. ಶುರು ಮಾಡೋದಾದ್ರೆ ಸ್ವೆಟರ್‌ನಿಂದ್ಲೋ, ಸಾಕ್ಸ್‌ನಿಂದ್ಲೋ?"

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಪ್ರತಿ ಸಲ ಚೂರು ಚೂರಾಗಿ ಉತ್ತರ ಬರೆದು ಸಾಕಾಗಿ, ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನನ್ನ ಉತ್ತರ ಸಾಕ್ಸ್. ಸ್ವೆಟರ್‌ಗೆ ಬೇಕಾದ ಕೆಲಸ ಬಹುಪಾಲು ಎಲ್ಲವೂ ಒಂದು ಕಾಲುಚೀಲದಲ್ಲಿ ಬಂದು ಹೋಗುತ್ತದೆ. ದುಂಡಗೆ ಹೆಣೆಯುವುದು, ರಿಬ್, ಅರ್ಧ ಸಾಲು, ಅಂಚಿನಿಂದ ಕುಣಿಕೆ ಎತ್ತಿಕೊಳ್ಳುವುದು, ಕುಣಿಕೆ ಕಡಿಮೆ ಮಾಡುವುದು, ಕೊನೆಗೆ ಮುಚ್ಚುವುದು, ಎಲ್ಲವೂ. ಒಂದು ಸಾಕ್ಸ್‌ನಲ್ಲಿ ಹೆಚ್ಚುಕಡಿಮೆ 10 ಸಾವಿರ ಕುಣಿಕೆ ಇರುತ್ತದೆ, ದೊಡ್ಡವರ ಸ್ವೆಟರ್‌ನಲ್ಲಿ 45 ಸಾವಿರದ ಆಸುಪಾಸು. ತಪ್ಪಾದರೆ ಬಿಚ್ಚಬೇಕಾದವರು ನೀವೇ ಅಲ್ವಾ?

ಸೀದಾ ಮತ್ತು ಉಲ್ಟಾ ಕುಣಿಕೆ ಹೆಣೆಯಲು ಬರುತ್ತದೆ ಎಂದುಕೊಂಡು ಮುಂದೆ ಬರೆದಿದ್ದೇನೆ. ಸೀದಾ ಅಂದರೆ ನಿಟ್, ಉಲ್ಟಾ ಅಂದರೆ ಪರ್ಲ್. ಬಾರದಿದ್ದರೆ ಒಂದು ವಾರ ದಪ್ಪ ನೂಲಿನಲ್ಲಿ ಚೌಕದ ತುಂಡುಗಳನ್ನು ಹೆಣೆದು ಆಮೇಲೆ ಇಲ್ಲಿಗೆ ಬನ್ನಿ.

ಏನೇನು ಬೇಕು

ನೂಲು: ಸಾಕ್ಸ್‌ಗೆಂದೇ ಮಾಡಿದ ತೆಳು ನೂಲು, 100 ಗ್ರಾಂ. ಈ ದಪ್ಪವನ್ನು ಫಿಂಗರಿಂಗ್ ಅಥವಾ 4 ಪ್ಲೈ ಅನ್ನುತ್ತಾರೆ. 100 ಗ್ರಾಂಗೆ ಸುಮಾರು 400 ಮೀಟರ್ ಬರುತ್ತದೆ, ದೊಡ್ಡವರ ಒಂದು ಜೊತೆಗೆ ಅಷ್ಟು ಸಾಕು. ಲೇಬಲ್‌ನಲ್ಲಿ 75 ಭಾಗ ಉಣ್ಣೆ, 25 ಭಾಗ ನೈಲಾನ್ ಅಂತಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ನೈಲಾನ್ ಇಲ್ಲದ ಮೆತ್ತನೆ ಉಣ್ಣೆ ಕೈಗೆ ಹಿತವಾಗಿರುತ್ತದೆ, ಹಿಮ್ಮಡಿಯಲ್ಲಿ ಮಾತ್ರ ಬೇಗ ತೂತು ಬೀಳುತ್ತದೆ. ಪೂರ್ತಿ ಹತ್ತಿ ನೂಲು ಮೊದಲ ಸಾಕ್ಸ್‌ಗೆ ಬೇಡ. ಅದಕ್ಕೆ ಹಿಗ್ಗಿ ಮತ್ತೆ ಕುಗ್ಗುವ ಗುಣ ಕಡಿಮೆ, ಹಾಕಿಕೊಂಡು ಸ್ವಲ್ಪ ಹೊತ್ತಿಗೇ ಕಾಲಿನಿಂದ ಜಾರುತ್ತದೆ. ಕಪ್ಪು, ಕಡುನೀಲಿ ಬಣ್ಣವೂ ಬೇಡ, ಕುಣಿಕೆ ಕಾಣುವುದಿಲ್ಲ.

ಕಡ್ಡಿ: ಎರಡೂ ತುದಿ ಚೂಪಾಗಿರುವ 5 ಕಡ್ಡಿಗಳ ಸೆಟ್, 2.5 ಮಿಲಿಮೀಟರ್ ದಪ್ಪದ್ದು. ನಿಮ್ಮದು ಸಡಿಲ ಕೈ ಆದರೆ 2.25. ಸ್ಟೀಲ್ ಕಡ್ಡಿ ಜಾರುತ್ತದೆ, ಮರದ್ದು ಅಥವಾ ಬಿದಿರಿನದ್ದು ಕುಣಿಕೆಯನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಹೊಸಬರಿಗೆ ಮರದ್ದೇ ವಾಸಿ.

ಇವುಗಳ ಜೊತೆ ಅಳತೆ ಟೇಪು, ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿ, ಬಿಟ್ಟುಹೋದ ಕುಣಿಕೆ ಎತ್ತಲು ಒಂದು ಸಣ್ಣ ಕ್ರೋಶಾ ಕಡ್ಡಿ, ಕಾಗದ, ಪೆನ್ಸಿಲ್. ಮೊಬೈಲಿನಲ್ಲಿ ಸುತ್ತು ಎಣಿಸುವ ಆ್ಯಪ್ ಇದೆ ನಿಜ, ಆದರೆ ಎಣಿಸಲು ಮೊಬೈಲ್ ಕೈಗೆ ತೆಗೆದುಕೊಂಡ ಮೇಲೆ ಏನಾಗುತ್ತದೆ ಅಂತ ನಿಮಗೂ ಗೊತ್ತು.

ಹಂತ 1: ಅಳತೆ ತುಂಡು

ಎಲ್ಲರೂ ಹಾರಿಸಿಬಿಡುವ ಹಂತ ಇದು. ಆಮೇಲೆ "ಸಾಕ್ಸ್ ಹಿಮ್ಮಡಿ ದಾಟ್ತಾ ಇಲ್ಲ" ಅಂತ ಬರೆಯುವುದೂ ಇವರೇ.

ಗೇಜ್ ಅಂದರೆ 10 ಸೆಂಟಿಮೀಟರ್ ಅಗಲದಲ್ಲಿ ನಿಮ್ಮ ಕೈಯಲ್ಲಿ ಎಷ್ಟು ಕುಣಿಕೆ ಬೀಳುತ್ತದೆ ಅನ್ನುವ ಲೆಕ್ಕ. ಒಂದೇ ನೂಲು, ಒಂದೇ ಕಡ್ಡಿ ಕೊಟ್ಟರೂ ಇಬ್ಬರ ಗೇಜ್ ಒಂದೇ ಬರುವುದಿಲ್ಲ. 44 ಕುಣಿಕೆ ಹಾಕಿ, 10 ಸೆಂಟಿಮೀಟರ್ ಎತ್ತರ ಬರುವವರೆಗೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆಯಿರಿ. ಒದ್ದೆ ಮಾಡಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಚಪ್ಪಟೆಯಾಗಿ ಒಣಗಿಸಿ. ಆಮೇಲೆ ಅಂಚು ಬಿಟ್ಟು ನಡುಭಾಗದಲ್ಲಿ ಅಳೆಯಿರಿ. ಸಾಕ್ಸ್‌ಗೆ 10 ಸೆಂಟಿಮೀಟರಿಗೆ 30ರಿಂದ 34 ಕುಣಿಕೆ ಬಂದರೆ ಒಳ್ಳೆಯದು. ಅದಕ್ಕಿಂತ ಸಡಿಲವಾದರೆ ಬಟ್ಟೆ ಬೇಗ ಸವೆಯುತ್ತದೆ.

ಈಗ ಪಾದದ ಅತಿ ದಪ್ಪ ಭಾಗದ ಸುತ್ತಳತೆ ತೆಗೆದುಕೊಳ್ಳಿ. 22 ಸೆಂಟಿಮೀಟರ್ ಬಂತು ಅನ್ನಿ. ಅದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ, ಯಾಕೆಂದರೆ ಸಾಕ್ಸ್ ಕಾಲಿಗಿಂತ ಚಿಕ್ಕದಿದ್ದು ಎಳೆದು ಕೂರಬೇಕು. ಸುಮಾರು 20 ಸೆಂಟಿಮೀಟರ್ ಉಳಿಯಿತು. ಗೇಜ್ 32 ಇದ್ದರೆ ಸೆಂಟಿಮೀಟರಿಗೆ 3.2 ಕುಣಿಕೆ. 20ನ್ನು 3.2ರಿಂದ ಗುಣಿಸಿದರೆ 64.

ಮುಂದೆ ಎಲ್ಲ ಕಡೆ 64 ಅಂತಲೇ ಬರೆದಿದ್ದೇನೆ. ನಿಮ್ಮ ಲೆಕ್ಕ ಬೇರೆ ಬಂದರೆ 4ರಿಂದ ಭಾಗವಾಗುವ ಹತ್ತಿರದ ಸಂಖ್ಯೆ ಹಿಡಿದು, ಉಳಿದದ್ದನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಹಂತ 2: ಕುಣಿಕೆ ಹಾಕಿ ದುಂಡಗೆ ಸೇರಿಸುವುದು

ಉದ್ದ ಬಾಲ ಬಿಟ್ಟು ಕುಣಿಕೆ ಹಾಕುವ ವಿಧಾನವೇ ಸಾಕು. ಬಾಲ ಎಷ್ಟು ಬಿಡಬೇಕು ಅನ್ನುವುದಕ್ಕೆ ಸುಲಭ ಉಪಾಯ ಇದೆ: ನೂಲನ್ನು ಕಡ್ಡಿಗೆ 10 ಸಲ ಸುತ್ತಿ ಬಿಚ್ಚಿ ಅಳೆಯಿರಿ. ಅದು 10 ಕುಣಿಕೆಗೆ ಬೇಕಾದ ಉದ್ದ. 64ಕ್ಕೆ ಲೆಕ್ಕ ಹಾಕಿ, ಮೇಲೆ ಒಂದು ಗೇಣು ಜಾಸ್ತಿ ಬಿಡಿ.

ಎರಡು ಕಡ್ಡಿಗಳನ್ನು ಜೊತೆಗೆ ಹಿಡಿದು ಅದರ ಮೇಲೆ ಕುಣಿಕೆ ಹಾಕಿ, ಆಮೇಲೆ ಒಂದನ್ನು ಎಳೆದು ತೆಗೆಯಿರಿ. ಸಾಕ್ಸಿನ ಬಾಯಿ ಸಡಿಲವಾಗಿರಬೇಕು. ಬಾಯಿ ಕಣಕಾಲಿನ ಮೇಲೆ ಕೂರುತ್ತದೆ ಸರಿ, ಆದರೆ ಅಲ್ಲಿಗೆ ಹೋಗಬೇಕಾದರೆ ಹಿಮ್ಮಡಿ ದಾಟಬೇಕು, ಹಿಮ್ಮಡಿಯ ಸುತ್ತಳತೆ ಕಣಕಾಲಿಗಿಂತ ತುಂಬಾ ಜಾಸ್ತಿ. ನನ್ನ ಮೊದಲ ಜೊತೆ ಹಿಮ್ಮಡಿ ದಾಟಲೇ ಇಲ್ಲ. ಹೆಣೆದು ಮುಗಿಸಿದ ಮೇಲೆ ಗೊತ್ತಾಯಿತು.

64 ಕುಣಿಕೆಗಳನ್ನು 4 ಕಡ್ಡಿಗೆ 16ರಂತೆ ಹಂಚಿ, ಐದನೆಯದು ಹೆಣೆಯುವ ಕಡ್ಡಿ. ಚೌಕವಾಗಿ ಮೇಜಿನ ಮೇಲಿಟ್ಟು ನೋಡಿ. ಕುಣಿಕೆಗಳ ಬುಡದ ಗಂಟಿನ ಸಾಲು ಪೂರ್ತಿ ಒಳಮುಖಕ್ಕೇ ಇರಬೇಕು, ಎಲ್ಲೂ ಕಡ್ಡಿಯ ಮೇಲೆ ತಿರುಚಿಕೊಂಡಿರಬಾರದು. ತಿರುಚಿದ್ದು ಎರಡು ಮೂರು ಸುತ್ತು ಆದ ಮೇಲೆ ಕಂಡರೆ ಬಿಚ್ಚದೆ ಬೇರೆ ದಾರಿ ಇಲ್ಲ. ಸರಿ ಇದ್ದರೆ ಮೊದಲ ಕುಣಿಕೆಯನ್ನು ಬಿಗಿಯಾಗಿ ಹೆಣೆದು ಸೇರಿಸಿ. ಬಾಲ ನೇತಾಡುವ ಜಾಗವೇ ಸುತ್ತಿನ ಆರಂಭ, ಗುರುತಿಗೆ ಬೇರೇನೂ ಬೇಡ.

ಮೊದಲ ಎರಡು ಸುತ್ತು ಮುಳ್ಳುಹಂದಿ ಹಿಡಿದುಕೊಂಡ ಹಾಗೆ ಇರುತ್ತದೆ. ಎಲ್ಲರಿಗೂ ಹಾಗೇ. ಎರಡು ಸೆಂಟಿಮೀಟರ್ ಬಟ್ಟೆ ಬೆಳೆದ ಮೇಲೆ ಕಡ್ಡಿಗಳು ತಾವಾಗಿ ನೆಟ್ಟಗೆ ನಿಲ್ಲುತ್ತವೆ.

ಹಂತ 3: ರಿಬ್ ಮತ್ತು ಕಾಲಿನ ಭಾಗ

ರಿಬ್ ಅಂದರೆ ಸೀದಾ ಉಲ್ಟಾ ಸಾಲಾಗಿ ಬಂದು ರಬ್ಬರಿನ ಹಾಗೆ ಹಿಗ್ಗುವ ಪಟ್ಟಿ. 2 ಸೀದಾ, 2 ಉಲ್ಟಾ, ಹೀಗೆ ಸುತ್ತುತ್ತಾ 5 ಸೆಂಟಿಮೀಟರ್. ಆಮೇಲೆ ಬರೀ ಸೀದಾ, 12 ಸೆಂಟಿಮೀಟರ್.

ಬರೀ ಸೀದಾ ಹೆಣೆದರೆ ಬರುವ ನುಣುಪು ಬಟ್ಟೆಯ ಹೆಸರು ಸ್ಟಾಕಿನೆಟ್. ಸ್ಟಾಕಿಂಗ್‌ನಿಂದ, ಅಂದರೆ ಕಾಲುಚೀಲದಿಂದಲೇ ಬಂದ ಹೆಸರು. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಮೊದಲ ಹೆಣಿಗೆ ಯಂತ್ರ ಕಟ್ಟಿದ್ದೂ ಕಾಲುಚೀಲಕ್ಕಾಗಿಯೇ. ಯಂತ್ರ ಬಂದು ನಾಲ್ಕು ಶತಮಾನ ದಾಟಿದರೂ ನಾವು ಕೈಯಲ್ಲಿ ಹೆಣೆಯುತ್ತಾ ಕೂತಿದ್ದೇವೆ, ಇರಲಿ.

ಇಲ್ಲಿ ಎಡವುವ ಜಾಗ ಎರಡು. ಒಂದು, ಕಡ್ಡಿಯಿಂದ ಕಡ್ಡಿಗೆ ಹೋಗುವ ಜಾಗದಲ್ಲಿ ಕುಣಿಕೆ ಸಡಿಲವಾಗಿ ಉದ್ದಕ್ಕೆ ಏಣಿಯ ಹಾಗೆ ಗೆರೆ ಕಾಣುವುದು. ಪ್ರತಿ ಕಡ್ಡಿಯ ಎರಡನೇ ಕುಣಿಕೆ ಹೆಣೆಯುವಾಗ ನೂಲನ್ನು ಒಮ್ಮೆ ಎಳೆಯಿರಿ. ಮೊದಲನೆಯದರಲ್ಲಿ ಎಷ್ಟು ಎಳೆದರೂ ಅಷ್ಟು ಪ್ರಯೋಜನ ಇಲ್ಲ, ಎರಡನೆಯದು ಎಳೆದಾಗ ಮೊದಲನೆಯದು ಬಿಗಿಯಾಗುತ್ತದೆ. ಎರಡು, ಗೊತ್ತಿಲ್ಲದೆ ಒಳಹೊರಗಾಗಿ ಹೆಣೆಯುವುದು. ನೀವು ಹೆಣೆಯುತ್ತಿರುವ ಕಡ್ಡಿಗಳು ನಿಮ್ಮ ಎದೆಯ ಹತ್ತಿರ ಇರಬೇಕು, ಸುತ್ತಿನ ಆಚೆ ಬದಿಯಲ್ಲಿ ಅಲ್ಲ.

ಹಂತ 4: ಹಿಮ್ಮಡಿ

ಈಗ ಹಾಡು ನಿಲ್ಲಿಸಿ. ಮಾತೂ ಬೇಡ. ಒಂದು ಸಂಜೆ ಪೂರ್ತಿ ಇದಕ್ಕೇ ಇಡಿ. ಜನ ಸಾಕ್ಸ್ ಅಂದರೆ ಹೆದರುವುದು ಹಿಮ್ಮಡಿಗೆ. ಆದರೆ ಇಲ್ಲಿರುವುದು ಸೀದಾ, ಉಲ್ಟಾ ಮತ್ತು ಎಣಿಕೆ, ಅಷ್ಟೇ.

ಮೊದಲು ಸೂಜಿಗೆ ಬೇರೆ ಬಣ್ಣದ ತೆಳು ದಾರ ಪೋಣಿಸಿ, ಕಡ್ಡಿಯಲ್ಲಿರುವ 64 ಕುಣಿಕೆಗಳ ಒಳಗೂ ಎಳೆದು ಹಾಗೇ ಬಿಡಿ. ಇದಕ್ಕೆ ಲೈಫ್‌ಲೈನ್ ಅನ್ನುತ್ತಾರೆ. ಹಿಮ್ಮಡಿ ಕೆಟ್ಟರೆ ಇಲ್ಲಿಯವರೆಗೆ ಬಿಚ್ಚಬಹುದು, ಇದರಿಂದ ಕೆಳಗೆ ಒಂದು ಕುಣಿಕೆಯೂ ಬಿಚ್ಚಿಕೊಳ್ಳುವುದಿಲ್ಲ.

ಮೊದಲ ಎರಡು ಕಡ್ಡಿಯ 32 ಕುಣಿಕೆಗಳನ್ನು ಒಂದೇ ಕಡ್ಡಿಗೆ ತನ್ನಿ. ಉಳಿದ 32 ಪಾದದ ಮೇಲ್ಭಾಗಕ್ಕೆ, ಅವು ಸುಮ್ನೆ ಕಾಯುತ್ತಿರಲಿ. ಈಗ ದುಂಡಗೆ ಅಲ್ಲ, ಹೋಗಿ ಬಂದು ಹೆಣೆಯಬೇಕು.

ಸೀದಾ ಮುಖದ ಸಾಲು: ಒಂದು ಕುಣಿಕೆ ಹೆಣೆಯದೆ ಹಾಗೇ ಬಲಗಡ್ಡಿಗೆ ಸರಿಸಿ, ಮುಂದಿನದು ಸೀದಾ. ಕೊನೆಯವರೆಗೆ ಹೀಗೇ ಒಂದು ಬಿಟ್ಟು ಒಂದು.

ಉಲ್ಟಾ ಮುಖದ ಸಾಲು: ಮೊದಲನೆಯದನ್ನು ಸರಿಸಿ, ಉಳಿದದ್ದೆಲ್ಲಾ ಉಲ್ಟಾ.

ಈ ಎರಡನ್ನೂ ಒಟ್ಟು 32 ಸಾಲು ಆಗುವವರೆಗೆ ಮಾಡಿ. ಸರಿಸಿದ ಕುಣಿಕೆಯ ಹಿಂದೆ ನೂಲು ಹಾದುಹೋಗುವುದರಿಂದ ಬಟ್ಟೆ ದಪ್ಪಗಾಗುತ್ತದೆ, ಹಿಮ್ಮಡಿಗೆ ಅದೇ ಬೇಕು. ಎರಡೂ ಅಂಚಿನಲ್ಲಿ ಸರಪಳಿಯ ಹಾಗೆ ತಲಾ 16 ದೊಡ್ಡ ಕುಣಿಕೆ ಕಾಣಬೇಕು. ಇದು ಹಿಮ್ಮಡಿಯ ಹಿಂದಿನ ಪಟ್ಟಿ.

ಈಗ ತಿರುವು. ಪಟ್ಟಿ ಕೆಳಗೆ ಬಟ್ಟಲಿನ ಹಾಗೆ ಬಾಗಬೇಕು. ಅದಕ್ಕೆ ಸಾಲು ಪೂರ್ತಿ ಮಾಡದೆ ನಡುವಿನಲ್ಲೇ ವಾಪಸ್ ತಿರುಗುತ್ತೇವೆ. ಇವೇ ಅರ್ಧ ಸಾಲುಗಳು, ಶಾರ್ಟ್ ರೋ.

ಸಾಲು 1: 18 ಸೀದಾ. ಮುಂದಿನ ಎರಡನ್ನು ಎಡಕ್ಕೆ ವಾಲುವ ಜೋಡಿ ಮಾಡಿ. ಅಂದರೆ ಎರಡನ್ನೂ ಸೀದಾ ಹೆಣೆಯುವಂತೆ ಕಡ್ಡಿ ತೂರಿಸಿ ಒಂದೊಂದಾಗಿ ಬಲಗಡ್ಡಿಗೆ ಸರಿಸಿ, ಎಡಗಡ್ಡಿಯನ್ನು ಎರಡರ ಮುಂಭಾಗಕ್ಕೂ ತೂರಿಸಿ ಒಟ್ಟಿಗೆ ಹೆಣೆಯಿರಿ. ಮಾದರಿ ಹಾಳೆಗಳಲ್ಲಿ ಇದನ್ನು ಎಸ್‌ಎಸ್‌ಕೆ ಅಂತ ಬರೆದಿರುತ್ತಾರೆ. ಇನ್ನೊಂದು ಸೀದಾ. ತಿರುಗಿಸಿ. ಎಡಗಡ್ಡಿಯಲ್ಲಿ 11 ಉಳಿದಿರಬೇಕು.

ಸಾಲು 2: ಒಂದು ಸರಿಸಿ, 5 ಉಲ್ಟಾ, 2 ಒಟ್ಟಿಗೆ ಉಲ್ಟಾ, 1 ಉಲ್ಟಾ. ತಿರುಗಿಸಿ. ಈ ಬದಿಯಲ್ಲೂ 11 ಉಳಿದಿರಬೇಕು. ಉಳಿದಿಲ್ಲ ಅಂದರೆ ಮುಂದೆ ಹೋಗಬೇಡಿ, ಇಲ್ಲೇ ಸರಿ ಮಾಡಿ.

ಸಾಲು 3: ಒಂದು ಸರಿಸಿ, 6 ಸೀದಾ, ಎಡವಾಲು ಜೋಡಿ, 1 ಸೀದಾ, ತಿರುಗಿಸಿ.

ಸಾಲು 4: ಒಂದು ಸರಿಸಿ, 7 ಉಲ್ಟಾ, 2 ಒಟ್ಟಿಗೆ ಉಲ್ಟಾ, 1 ಉಲ್ಟಾ, ತಿರುಗಿಸಿ.

ಪ್ರತಿ ಸಾಲಿನಲ್ಲೂ ನಡುವಿನ ಸಂಖ್ಯೆ ಒಂದೊಂದು ಹೆಚ್ಚುತ್ತದೆ. ಎಣಿಸದೆಯೂ ಮಾಡಬಹುದು: ಹಿಂದೆ ತಿರುಗಿದ ಜಾಗದಲ್ಲಿ ಒಂದು ಸಣ್ಣ ಕಂದಕ ಕಾಣುತ್ತದೆ, ಅದರ ಈಚೆಯದೊಂದು ಆಚೆಯದೊಂದು ಕುಣಿಕೆ ಸೇರಿಸಿ ಜೋಡಿ ಮಾಡುತ್ತಾ ಹೋಗಿ. ಕೊನೆಯ ಎರಡು ಸಾಲಿನಲ್ಲಿ ಜೋಡಿ ಮಾಡಿದ ಮೇಲೆ ಹೆಣೆಯಲು ಇನ್ನೊಂದು ಕುಣಿಕೆ ಇರುವುದಿಲ್ಲ. ಗಾಬರಿ ಬೇಡ, ಹಾಗೇ ಆಗಬೇಕು. ಒಟ್ಟು 14 ಸಾಲು ಮುಗಿದಾಗ ಕಡ್ಡಿಯಲ್ಲಿ 18 ಕುಣಿಕೆ ಇರುತ್ತದೆ.

ಹೆಬ್ಬೆರಳು ಒಳಗಿಟ್ಟು ನೋಡಿ. ಹಿಮ್ಮಡಿಯ ಆಕಾರ ಬಂದಿರುತ್ತದೆ. ನನಗೆ ಇವತ್ತಿಗೂ ಈ ಜಾಗಕ್ಕೆ ಬಂದಾಗ ಪಕ್ಕದಲ್ಲಿ ಕೂತವರಿಗೆ ತೋರಿಸಬೇಕು ಅನಿಸುತ್ತದೆ.

ಹಂತ 5: ಪಕ್ಕದ ಕುಣಿಕೆ ಎತ್ತುವುದು

ಆ 18ನ್ನು ಸೀದಾ ಹೆಣೆಯಿರಿ. ಈಗ ಪಟ್ಟಿಯ ಅಂಚಿನ ಸರಪಳಿಯೊಳಗೆ ಕಡ್ಡಿ ತೂರಿಸಿ, ನೂಲು ಎಳೆದು, 16 ಹೊಸ ಕುಣಿಕೆ ಎತ್ತಿಕೊಳ್ಳಿ. ಪಟ್ಟಿಯೂ ಮೇಲ್ಭಾಗವೂ ಸೇರುವ ಮೂಲೆಯಲ್ಲಿ ಇನ್ನೊಂದು. ಕಾಯುತ್ತಿದ್ದ 32ನ್ನು ಸೀದಾ ಹೆಣೆಯಿರಿ. ಆಚೆ ಮೂಲೆಯಲ್ಲಿ 1, ಆ ಅಂಚಿನಲ್ಲಿ 16. ಮತ್ತೆ 18ರಲ್ಲಿ ಅರ್ಧ, ಅಂದರೆ 9 ಹೆಣೆದು ನಿಲ್ಲಿ. ಇನ್ನು ಮೇಲೆ ಸುತ್ತಿನ ಆರಂಭ ಇದೇ, ಹಿಮ್ಮಡಿಯ ನಡುಮಧ್ಯ.

ಕಡ್ಡಿಗಳಲ್ಲಿ ಸುತ್ತಿನ ಕ್ರಮದಲ್ಲಿ 26, 16, 16, 26 ಇರಬೇಕು, ಒಟ್ಟು 84. ಇದನ್ನು 64ಕ್ಕೆ ಇಳಿಸಬೇಕು.

ಇಳಿಸುವ ಸುತ್ತು: ಮೊದಲ ಕಡ್ಡಿಯಲ್ಲಿ ಕೊನೆಯ 3 ಉಳಿಯುವವರೆಗೆ ಸೀದಾ, 2 ಒಟ್ಟಿಗೆ ಸೀದಾ, 1 ಸೀದಾ. ಎರಡು ಮತ್ತು ಮೂರನೇ ಕಡ್ಡಿ ಪೂರ್ತಿ ಸೀದಾ. ನಾಲ್ಕನೆಯದರಲ್ಲಿ 1 ಸೀದಾ, ಎಡವಾಲು ಜೋಡಿ, ಉಳಿದದ್ದು ಸೀದಾ.

ಮುಂದಿನ ಸುತ್ತು ಬರೀ ಸೀದಾ. ಈ ಎರಡು ಸುತ್ತನ್ನು 10 ಸಲ ಮಾಡಿದರೆ 64. ಪಕ್ಕದಲ್ಲಿ ತ್ರಿಕೋನದ ಆಕಾರ ಬರುತ್ತದೆ, ಅದರ ಹೆಸರು ಗಸೆಟ್.

ಮೂಲೆಯಲ್ಲಿ ತೂತು ಬಂತು ಅಂತ ಬಹಳ ಜನ ಕೇಳುತ್ತಾರೆ. ಮೂಲೆಯ ಆ ಹೆಚ್ಚುವರಿ ಕುಣಿಕೆ ಎತ್ತಿರುವುದೇ ಅದಕ್ಕಾಗಿ. ಅದನ್ನು ಮೊದಲ ಸುತ್ತಿನಲ್ಲಿ ಹಿಂಬದಿಯಿಂದ ತೂರಿಸಿ, ತಿರುಚಿ ಹೆಣೆದರೆ ಇನ್ನೂ ಬಿಗಿ. ಆದರೂ ತೂತು ಉಳಿದರೆ ಕೊನೆಗೆ ಬಾಲದ ನೂಲಿನಿಂದ ಒಳಗಡೆ ಎರಡು ಹೊಲಿಗೆ ಹಾಕಿ, ಯಾರೂ ಬಗ್ಗಿ ನೋಡುವುದಿಲ್ಲ.

ಹಂತ 6: ಪಾದ ಮತ್ತು ಬೆರಳಿನ ಭಾಗ

ಹಿಮ್ಮಡಿಯ ತುದಿಯಿಂದ ಅಳೆಯುತ್ತಾ, ಪಾದದ ಪೂರ್ತಿ ಉದ್ದಕ್ಕಿಂತ 5 ಸೆಂಟಿಮೀಟರ್ ಕಡಿಮೆ ಆಗುವವರೆಗೆ ಬರೀ ಸೀದಾ. ಹಾಡು ಮತ್ತೆ ಹಾಕಬಹುದು.

ಬೆರಳಿನ ಭಾಗದಲ್ಲಿ ಪ್ರತಿ ಇಳಿಸುವ ಸುತ್ತಿಗೆ 4 ಕುಣಿಕೆ ಕಡಿಮೆ. ಒಂದು ಮತ್ತು ಮೂರನೇ ಕಡ್ಡಿಯ ಕೊನೆಯಲ್ಲಿ 2 ಒಟ್ಟಿಗೆ ಸೀದಾ, 1 ಸೀದಾ. ಎರಡು ಮತ್ತು ನಾಲ್ಕನೇ ಕಡ್ಡಿಯ ಶುರುವಿನಲ್ಲಿ 1 ಸೀದಾ, ಎಡವಾಲು ಜೋಡಿ. ಒಂದು ಸುತ್ತು ಇಳಿಸಿ, ಒಂದು ಸುತ್ತು ಸೀದಾ, ಹೀಗೆ 32ಕ್ಕೆ ಬನ್ನಿ. ಅಲ್ಲಿಂದ ಪ್ರತಿ ಸುತ್ತಿನಲ್ಲೂ ಇಳಿಸಿ, 16 ಉಳಿದಾಗ ನಿಲ್ಲಿಸಿ.

ಹಂತ 7: ತುದಿ ಮುಚ್ಚುವುದು

ಮೊದಲ ಕಡ್ಡಿಯ 4 ಕುಣಿಕೆಯನ್ನು ನಾಲ್ಕನೇ ಕಡ್ಡಿಯಿಂದಲೇ ಹೆಣೆಯಿರಿ, ಎರಡು ಮೂರನ್ನು ಸೇರಿಸಿ. ಅಂಗಾಲಿನ 8 ಒಂದು ಕಡ್ಡಿಯಲ್ಲಿ, ಮೇಲ್ಭಾಗದ 8 ಇನ್ನೊಂದರಲ್ಲಿ. 40 ಸೆಂಟಿಮೀಟರ್ ನೂಲು ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ. ಎರಡು ಕಡ್ಡಿಗಳನ್ನು ಒಂದರ ಹಿಂದೆ ಒಂದು ಹಿಡಿಯಿರಿ, ನೂಲು ಹಿಂದಿನ ಕಡ್ಡಿಯ ಬಲ ತುದಿಯಿಂದ ಬರುತ್ತಿರಲಿ.

ಮೊದಲ ಸಲ ಮಾತ್ರ: ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಉಲ್ಟಾ ಹೆಣೆಯುವಂತೆ ಸೂಜಿ ತೂರಿಸಿ ನೂಲು ಎಳೆಯಿರಿ, ಕುಣಿಕೆ ಕಡ್ಡಿಯಲ್ಲೇ ಇರಲಿ. ಹಿಂದಿನ ಕಡ್ಡಿಯ ಮೊದಲನೆಯದಕ್ಕೆ ಸೀದಾ ತೂರಿಸಿ, ಅದೂ ಇರಲಿ.

ಆಮೇಲೆ ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಿ. ಮುಂದಿನ ಕಡ್ಡಿ: ಸೀದಾ ಬಿಡು, ಉಲ್ಟಾ ಇರಲಿ. ಹಿಂದಿನ ಕಡ್ಡಿ: ಉಲ್ಟಾ ಬಿಡು, ಸೀದಾ ಇರಲಿ. "ಬಿಡು" ಅಂದಾಗ ಸೂಜಿ ತೂರಿಸಿದ ಕುಣಿಕೆಯನ್ನು ಕಡ್ಡಿಯಿಂದ ಇಳಿಸಬೇಕು, "ಇರಲಿ" ಅಂದಾಗ ಅದೇ ಕಡ್ಡಿಯ ಪಕ್ಕದ ಕುಣಿಕೆಗೆ ತೂರಿಸಿ, ಅದನ್ನು ಕಡ್ಡಿಯಲ್ಲೇ ಉಳಿಸಬೇಕು. ನೂಲನ್ನು ಬಿಗಿಯಾಗಿ ಎಳೆಯಬೇಡಿ, ಎಲ್ಲಾ ಮುಗಿದ ಮೇಲೆ ಸೂಜಿಯ ತುದಿಯಿಂದ ಒಂದೊಂದಾಗಿ ಸಮ ಮಾಡಿ. ಸರಿಯಾಗಿ ಬಂದರೆ ಹೊಲಿಗೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ನಡುವೆ ಎದ್ದುಹೋದರೆ ಎಲ್ಲಿದ್ದೆವು ಅನ್ನುವುದು ಮರೆತೇ ಹೋಗುತ್ತದೆ, ಆದ್ದರಿಂದ ಬಾಗಿಲು ಬಡಿದರೂ ಏಳಬೇಡಿ.

ಎರಡನೇ ಕಾಲು

ಒಂದು ಸಾಕ್ಸ್ ಮುಗಿಸಿ ಸುಸ್ತಾಗಿ ಬಿಟ್ಟವರು ಬಹಳ ಜನ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಮೊದಲನೆಯದು ಮುಗಿದ ದಿನವೇ ಎರಡನೆಯದಕ್ಕೆ ಕುಣಿಕೆ ಹಾಕಿ, ಕನಿಷ್ಠ ನಾಲ್ಕು ಸುತ್ತು ರಿಬ್ ಹೆಣೆದು ಮಲಗಿ. ಕಾಲಿನ ಭಾಗಕ್ಕೆ ಎಷ್ಟು ಸುತ್ತು, ಪಾದಕ್ಕೆ ಎಷ್ಟು ಸುತ್ತು ಅಂತ ಮೊದಲನೆಯದರಲ್ಲೇ ಕಾಗದದಲ್ಲಿ ಗೀಟು ಹಾಕಿಟ್ಟಿರಿ. ಟೇಪಿನಲ್ಲಿ ಅಳೆದರೆ ಎರಡು ಕಾಲೂ ಒಂದೇ ಉದ್ದ ಬರುವುದು ಅದೃಷ್ಟ. ನೂಲನ್ನೂ ಶುರುವಿನಲ್ಲೇ ತೂಗಿ 50 ಗ್ರಾಂನ ಎರಡು ಉಂಡೆ ಮಾಡಿಟ್ಟುಕೊಂಡರೆ ಎರಡನೇ ಬೆರಳಿನ ಹತ್ತಿರ ನೂಲು ಮುಗಿಯುವ ಸಂಕಟ ಇರುವುದಿಲ್ಲ.

ಬೇರೆ ಹವ್ಯಾಸಗಳ ಜೊತೆ ಹೇಗೆ?

ಒಂದು ಲೆಕ್ಕ ನೋಡಿ. ಒಂದು ಸಾಕ್ಸ್‌ನಲ್ಲಿ ಸುಮಾರು 160 ಸುತ್ತು. ಹೊಸಬರಿಗೆ ಒಂದು ಸುತ್ತಿಗೆ 5 ನಿಮಿಷ ಅಂದುಕೊಳ್ಳಿ. ದಿನಕ್ಕೆ 20 ನಿಮಿಷ ಕೊಟ್ಟರೆ 4 ಸುತ್ತು, 40 ದಿನಕ್ಕೆ ಒಂದು ಕಾಲು. ಅದಕ್ಕಾಗಿ ಓದುವುದನ್ನೋ ಗಿಡ ನೋಡುವುದನ್ನೋ ಬಿಡಬೇಕಾಗಿಲ್ಲ.

ನಾನು ಸಾಕ್ಸನ್ನು ಎರಡು ಬಗೆಯ ಭಾಗಗಳಾಗಿ ನೋಡುತ್ತೇನೆ, ಬಾಯಿ ಬಿಟ್ಟು ಹೆಣೆಯುವ ಭಾಗ, ಬಾಯಿ ಮುಚ್ಚಿ ಹೆಣೆಯುವ ಭಾಗ. ಕಾಲು ಮತ್ತು ಪಾದದ ಸೀದಾ ಸುತ್ತುಗಳು ಮೊದಲನೇ ಬಗೆ. ಹಾಡು, ಓದಿ ಹೇಳುವ ಪುಸ್ತಕ, ಟಿವಿಯಲ್ಲಿ ಮ್ಯಾಚು, ಹರಟೆ, ಯಾವುದರ ಜೊತೆಗಾದರೂ ಆಗುತ್ತದೆ. ಕಾಗದದ ಪುಸ್ತಕವೂ ಆಗುತ್ತದೆ, ಪುಟ ಮುಚ್ಚದಂತೆ ಏನಾದರೂ ಭಾರ ಇಡಬೇಕು ಅಷ್ಟೇ. ಹಿಮ್ಮಡಿ, ಕುಣಿಕೆ ಎತ್ತುವುದು, ತುದಿ ಮುಚ್ಚುವುದು ಎರಡನೇ ಬಗೆ, ಒಟ್ಟು ಮೂರು ಸಂಜೆಯ ಕೆಲಸ. ಸಬ್‌ಟೈಟಲ್ ಓದಬೇಕಾದ ಸಿನಿಮಾ ರಿಬ್ಬಿಗೂ ಆಗುವುದಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ.

ಗಿಡದ ಕೆಲಸ ಮಾಡುವವರು ಮಣ್ಣು ಮುಟ್ಟಿದ ದಿನ ಕೈಗೆ ಎಣ್ಣೆಯೋ ಕ್ರೀಮೋ ಹಚ್ಚಿ, ಅದು ಪೂರ್ತಿ ಹೀರಿಕೊಂಡ ಮೇಲೆ ಹೆಣಿಗೆ ಹಿಡಿಯಿರಿ. ಒರಟು ಬೆರಳಿಗೆ ತೆಳು ನೂಲು ಸಿಕ್ಕಿಕೊಂಡು ಎಳೆ ಏಳುತ್ತದೆ. ಚಿತ್ರ ಬರೆಯುವವರು, ವೀಣೆ ಗಿಟಾರ್ ನುಡಿಸುವವರು, ಇಡೀ ದಿನ ಕೀಬೋರ್ಡ್ ಕುಟ್ಟುವವರು ಇನ್ನೊಂದು ಎಚ್ಚರ ವಹಿಸಬೇಕು. ಅದೇ ಮಣಿಕಟ್ಟು, ಅದೇ ಬೆರಳು ಎರಡೂ ಕಡೆ ದುಡಿಯುತ್ತವೆ. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿ. ಜುಮ್ಮೆನ್ನುವುದು, ಮರಗಟ್ಟುವುದು ಶುರುವಾದರೆ ಆ ದಿನಕ್ಕೆ ನಿಲ್ಲಿಸಿ, ದಿನಾ ಹಾಗೇ ಆದರೆ ವೈದ್ಯರಿಗೆ ತೋರಿಸಿ.

ಈಗ ಸ್ವೆಟರ್

ಒಂದು ಜೊತೆ ಮುಗಿಯಿತೇ? ಹಾಗಾದರೆ ಕತ್ತಿನಿಂದ ಕೆಳಗೆ ದುಂಡಗೆ ಹೆಣೆಯುವ ಸ್ವೆಟರ್ ಹಿಡಿಯಿರಿ. ತುಂಡು ತುಂಡಾಗಿ ಹೆಣೆದು ಹೊಲಿಯುವ ಬಗೆಗಿಂತ ಇದು ಸಲೀಸು, ನಡುನಡುವೆ ಮೈಗೆ ಹಾಕಿ ನೋಡಲೂಬಹುದು.

ಗೇಜ್ ವಿಷಯ ಇಲ್ಲಿ ಇನ್ನೂ ಗಂಭೀರ. 4 ಮಿಲಿಮೀಟರ್ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆ ಅಂತ ಲೆಕ್ಕ ಹಾಕಿ, 100 ಸೆಂಟಿಮೀಟರ್ ಎದೆಗೆ 200 ಕುಣಿಕೆ ಇಟ್ಟುಕೊಂಡಿರಿ ಅನ್ನಿ. ನಿಮ್ಮ ಕೈಯಲ್ಲಿ ನಿಜವಾಗಿ 22 ಬೀಳುತ್ತಿದ್ದರೆ ಸ್ವೆಟರ್ ಸುಮಾರು 91 ಸೆಂಟಿಮೀಟರ್ ಆಗುತ್ತದೆ. ಎರಡೇ ಕುಣಿಕೆಗೆ 9 ಸೆಂಟಿಮೀಟರ್ ಹೋಯಿತು.

ಗೇಜ್ 20 ಇದ್ದರೆ ಅಳತೆ ಹೀಗೆ. ಕತ್ತಿಗೆ 80 ಕುಣಿಕೆ, ಸಡಿಲವಾಗಿ, ತಲೆ ತೂರಬೇಕಲ್ಲ. 3 ಸೆಂಟಿಮೀಟರ್ ರಿಬ್. ಆಮೇಲೆ ಬೆನ್ನಿಗೆ 32, ಒಂದು ತೋಳಿಗೆ 8, ಎದೆಗೆ 32, ಇನ್ನೊಂದು ತೋಳಿಗೆ 8 ಅಂತ ನಾಲ್ಕು ಗುರುತು ಹಾಕಿ. ಒಂದು ಸುತ್ತು ಬಿಟ್ಟು ಒಂದು ಸುತ್ತು, ಪ್ರತಿ ಗುರುತಿನ ಎರಡೂ ಬದಿ ಒಂದೊಂದು ಕುಣಿಕೆ ಹೆಚ್ಚಿಸಿ, ಅಂದರೆ ಸಲಕ್ಕೆ 8. ಹೀಗೆ 30 ಸಲ. ಕತ್ತಿನಿಂದ ಕಂಕುಳಿಗೆ ಓರೆ ಗೆರೆ ಬರುವ ಈ ಬಗೆಗೆ ರ‍್ಯಾಗ್ಲನ್ ಅನ್ನುತ್ತಾರೆ. ಬೆನ್ನು, ಎದೆ ತಲಾ 92 ಆದಾಗ ತೋಳಿನ ತಲಾ 68 ಕುಣಿಕೆಗಳನ್ನು ದಾರಕ್ಕೆ ಪೋಣಿಸಿ ಪಕ್ಕಕ್ಕಿಡಿ. ಎರಡೂ ಕಂಕುಳಲ್ಲಿ ತಲಾ 8 ಹೊಸ ಕುಣಿಕೆ ಹಾಕಿ ಮೈ ಸೇರಿಸಿದರೆ 200. ಕೆಳಗೆ ಬೇಕಾದಷ್ಟು ಉದ್ದ, ಕೊನೆಗೆ ರಿಬ್, ಸಡಿಲವಾಗಿ ಮುಚ್ಚುವುದು. ತೋಳಿಗೆ ಕಂಕುಳಿನ 8ನ್ನು ಎತ್ತಿಕೊಂಡು 76ರಿಂದ ಶುರು ಮಾಡಿ, ಮಣಿಕಟ್ಟಿನವರೆಗೆ ನಿಧಾನವಾಗಿ 40ಕ್ಕೆ ಇಳಿಸಿ.

ಕಂಕುಳಿನ ಮೂಲೆಯಲ್ಲೂ ತೂತು ಬರುತ್ತದೆ, ಗಸೆಟ್‌ನಲ್ಲಿ ಮಾಡಿದ್ದೇ ಇಲ್ಲೂ ಮದ್ದು. ಮುಂಭಾಗ ಗಂಟಲಿಗೆ ಒತ್ತಿದಂತಾಗುತ್ತದೆ ಅನಿಸಿದರೆ ಬೆನ್ನಿನ ಕತ್ತಿನ ಹತ್ತಿರ ನಾಲ್ಕಾರು ಅರ್ಧ ಸಾಲು ಹಾಕಿ ಹಿಂಭಾಗ ಎತ್ತರಿಸಬಹುದು. ಅರ್ಧ ಸಾಲು ಹಿಮ್ಮಡಿಯಲ್ಲೇ ಬಂತಲ್ಲ? ಇಲ್ಲಿ ಒಂದು ವ್ಯತ್ಯಾಸ: ಎರಡು ಸೇರಿಸಿ ಒಂದು ಮಾಡುವ ಬದಲು, ತಿರುಗುವ ಜಾಗದ ಕುಣಿಕೆಗೆ ನೂಲು ಒಂದು ಸುತ್ತು ಹಾಕಿ ವಾಪಸ್ ಬನ್ನಿ.

ದೊಡ್ಡವರ ಸ್ವೆಟರ್‌ಗೆ, 4 ಮಿಲಿಮೀಟರ್ ಕಡ್ಡಿಯಲ್ಲಿ ಗೇಜ್ 20 ಬರುವ ದಪ್ಪದ ನೂಲು 1,000ದಿಂದ 1,200 ಮೀಟರ್ ಬೇಕಾಗಬಹುದು. ಎಲ್ಲವನ್ನೂ ಒಂದೇ ಸಲ ಕೊಳ್ಳಿ. ಲೇಬಲ್‌ನಲ್ಲಿ ಡೈ ಲಾಟ್ ಅಂತ ಒಂದು ಸಂಖ್ಯೆ ಇರುತ್ತದೆ, ಒಂದೇ ಬಾಣಲೆಯಲ್ಲಿ ಬಣ್ಣ ಹಾಕಿದ ನೂಲಿಗೆ ಒಂದೇ ಸಂಖ್ಯೆ. ಬೇರೆ ಸಂಖ್ಯೆಯದು ಅಂಗಡಿಯ ಬೆಳಕಿನಲ್ಲಿ ಒಂದೇ ಥರ ಕಂಡರೂ ಹೊಟ್ಟೆಯ ಮೇಲೆ ಪಟ್ಟೆಯಾಗಿ ಎದ್ದು ಕಾಣುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಹಳೆಯದು ಹೊಸದು ಎರಡನ್ನೂ ಎರಡೆರಡು ಸುತ್ತು ಬದಲಿಸುತ್ತಾ ಹೆಣೆಯಿರಿ.

ಒಗೆಯುವುದು, ರಿಪೇರಿ

ಉಣ್ಣೆಗೆ ಬಿಸಿನೀರು ಮತ್ತು ಉಜ್ಜುವುದು ಸೇರಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕಂಬಳಿಯಂತಾಗಿ ಕುಗ್ಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಲೇಬಲ್‌ನಲ್ಲಿ ಸೂಪರ್‌ವಾಶ್ ಅಂತಿದ್ದರೆ ಆ ಭಯ ಕಡಿಮೆ. ಇಲ್ಲದಿದ್ದರೆ ತಣ್ಣೀರು, ಸೌಮ್ಯ ಸೋಪು, ಹಿಂಡದೆ ಒತ್ತಿ ನೀರು ತೆಗೆಯುವುದು. ಸ್ವೆಟರನ್ನು ತಂತಿಗೆ ನೇತುಹಾಕಬೇಡಿ, ನೀರಿನ ಭಾರಕ್ಕೆ ತೋಳು ಮೊಣಕಾಲಿನವರೆಗೆ ಬರುತ್ತದೆ. ಎತ್ತಿಡುವ ಮುಂಚೆ ಒಗೆದೇ ಇಡಿ, ಉಣ್ಣೆ ತಿನ್ನುವ ಹುಳುಗಳಿಗೆ ಬೆವರು ಕೊಳೆ ಇರುವ ಬಟ್ಟೆ ಅಂದರೆ ಇನ್ನೂ ಇಷ್ಟ.

ಮಿಕ್ಕ ನೂಲನ್ನು ಎಸೆಯಬೇಡಿ, ಸಾಕ್ಸ್ ಜೊತೆಯಲ್ಲೇ ಒಂದು ಸಣ್ಣ ಉಂಡೆ ಇಟ್ಟಿರಿ. ಹಿಮ್ಮಡಿ ತೆಳ್ಳಗಾಗಿ ಚರ್ಮದ ಬಣ್ಣ ಕಾಣಲು ಶುರುವಾದ ದಿನವೇ, ತೂತು ಬೀಳುವ ಮುಂಚೆ, ಒಳಗೆ ಒಂದು ಚೆಂಡು ಇಟ್ಟು ಅದೇ ನೂಲಿನಿಂದ ಉದ್ದಕ್ಕೂ ಅಡ್ಡಕ್ಕೂ ಚಾಪೆ ನೇಯ್ದ ಹಾಗೆ ಎಳೆ ಹಾಯಿಸಿ. ತೆಳ್ಳಗಾದ ಜಾಗದಿಂದ ಎಲ್ಲ ಕಡೆ ಒಂದು ಸೆಂಟಿಮೀಟರ್ ಆಚೆಗೆ, ಗಟ್ಟಿ ಬಟ್ಟೆ ಇರುವಲ್ಲಿಯವರೆಗೆ ಹೋಗಬೇಕು. ಎಲ್ಲೂ ಗಂಟು ಹಾಕಬೇಡಿ, ನಡೆಯುವಾಗ ಚುಚ್ಚುತ್ತದೆ.